ಮಿಸ್ಟರ್ ರೋ ಅವರ ಪಾಸ್‌ಬುಕ್ಕು

ನಮ್ಮ ಮನೆಯಲ್ಲಿ ‘ಇಂಗ್ಲೆಂಡಿನ ದುಡ್ಡು’ ಅಂತ ಒಂದು ಮಾತಿತ್ತು. ಸಣ್ಣವನಿದ್ದಾಗ ನನಗೆ ಅದು ಹಳೇ ಕತೆಗಳಲ್ಲಿ ಬರೋ ನಿಧಿಯ ಹಾಗೆ ಕೇಳಿಸ್ತಿತ್ತು. ಸ್ವಲ್ಪ ದೊಡ್ಡವನಾದ ಮೇಲೆ ಗೊತ್ತಾಯ್ತು, ಅದು ನಿಧಿಯಲ್ಲ, ಜಗಳ ಅಂತ.

ದೊಡ್ಡಪ್ಪ 1964ರಲ್ಲಿ ಎಂಬಿಬಿಎಸ್ ಮುಗಿಸಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದವರು. ಲ್ಯಾಂಕಶೈರಿನ ಬಟ್ಟೆ ಮಿಲ್ಲುಗಳ ಊರೊಂದರ ಆಸ್ಪತ್ರೆಯಲ್ಲಿ ಜೂನಿಯರ್ ಡಾಕ್ಟರ್. ಆಗ ನಮ್ಮ ಡಿಗ್ರಿಯನ್ನು ಅಲ್ಲಿ ಹಾಗೇ ಒಪ್ಪಿಕೊಳ್ತಿದ್ದರು, ಈಗಿನ ಹಾಗೆ ಪರೀಕ್ಷೆ ಕಟ್ಟಬೇಕಿರಲಿಲ್ಲ (ಅದು ಶುರುವಾದದ್ದು 1975ರಲ್ಲಿ). 1972ರಲ್ಲಿ ವಾಪಸ್ ಬಂದು ಶಿವಮೊಗ್ಗದಲ್ಲಿ ಪ್ರಾಕ್ಟೀಸ್ ಶುರು ಮಾಡಿದರು. ಅವರನ್ನು ಓದಿಸಿ, ಹಡಗು ಹತ್ತಿಸಲು ಅಜ್ಜ ತೀರ್ಥಹಳ್ಳಿ ಹತ್ತಿರದ ತೋಟದಲ್ಲಿ ಒಂದು ಎಕರೆ ಮಾರಿದ್ದರು. ಅಪ್ಪನ ಓದು ಪಿಯುಸಿಗೇ ನಿಂತಿತ್ತು. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಅಪ್ಪನ ಪ್ರಕಾರ ಇತ್ತು.

1983ರಲ್ಲಿ ಮನೆ ಹಿಸ್ಸೆ ಆಗುವಾಗ ಅಪ್ಪ, ಚಿಕ್ಕಪ್ಪ ಇಬ್ಬರೂ ಪಂಚರ ಮುಂದೆ ಹೇಳಿದರಂತೆ, “ಅಣ್ಣನ ಹೆಸರಲ್ಲಿ ಇಂಗ್ಲೆಂಡಿನ ಬ್ಯಾಂಕಲ್ಲಿ ದುಡ್ಡಿದೆ, ಅದನ್ನೂ ಲೆಕ್ಕಕ್ಕೆ ಹಿಡೀಬೇಕು.” ದೊಡ್ಡಪ್ಪ ಇದೆ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಸುಮ್ಮನೆ ಕೂತಿದ್ದರಂತೆ. ಆ ಮೌನಕ್ಕೆ ಮುಂದಿನ ನಲವತ್ತು ವರ್ಷ ಒಬ್ಬೊಬ್ಬರೂ ತಮ್ಮ ತಮ್ಮ ಶಕ್ತ್ಯಾನುಸಾರ ಸೊನ್ನೆ ಸೇರಿಸುತ್ತಾ ಹೋದರು. ನನ್ನ ತಂಗಿಯ ಮದುವೆ ಹೊತ್ತಿಗೆ ಅದು ಲಕ್ಷ ಪೌಂಡ್ ಆಗಿತ್ತು. ದೊಡ್ಡಪ್ಪ ಆ ಮದುವೆಗೆ ಬಂದು, ಊಟ ಮಾಡದೆ ಹೋದರು.

2021ರಲ್ಲಿ ಅವರು ತೀರಿಕೊಂಡರು. ಆರು ತಿಂಗಳ ನಂತರ ದೊಡ್ಡಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು, ಕಪಾಟಿನ ತಳದಲ್ಲಿ ಹಳೇ ಬಿಪಿ ನೋಡೋ ಮಿಷನ್ನಿನ ಡಬ್ಬಿಯೊಳಗೆ ಸಿಕ್ಕಿದ್ದಂತೆ. ಅಂಗೈಯಗಲದ ನೀಲಿ ಪುಸ್ತಕ. ನಾನಿರೋದು ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟಿನಲ್ಲಿ, ಹಾಗಾಗಿ ಈ ಕೆಲಸ ನನ್ನ ತಲೆಗೇ ಬಂತು. ಫೋನ್ ಮಾಡಿದಾಗ ದೊಡ್ಡಮ್ಮ ಹೇಳಿದ್ದು ಇಷ್ಟೇ: “ದುಡ್ಡು ಬಂದ್ರೂ ಸೈ, ಬರದಿದ್ರೂ ಸೈ ಮಾರಾಯ. ಎಷ್ಟಿತ್ತು ಅಂತ ಅವರ ಕೈಯಲ್ಲಿ ಬರೆಸಿ ಕೊಡು. ನಿನ್ನ ಅಪ್ಪಂಗೆ ಒಂದ್ಸಲ ತೋರಿಸ್ಬೇಕು.”

ಪಾಸ್‌ಬುಕ್ಕು ನೋಡೋದಕ್ಕೆ ಚೆಂದ ಇತ್ತು. 1966ರಿಂದ ಶುರು, ಎಲ್ಲಾ ಕೈಬರಹ, ಪ್ರತಿ ಸಾಲಿನ ಪಕ್ಕ ಗುಮಾಸ್ತರ ಸಣ್ಣ ಸಹಿ. ತಿಂಗಳಿಗೆ 5 ಪೌಂಡ್, ಕೆಲವು ತಿಂಗಳು 3, ಕೆಲವು ತಿಂಗಳು ಏನೂ ಇಲ್ಲ. ಮೊದಲ ಪುಟಗಳಲ್ಲಿ ಪೌಂಡ್, ಶಿಲ್ಲಿಂಗ್, ಪೆನ್ಸ್ ಅಂತ ಮೂರು ಕಾಲಂ. 1971ರ ಫೆಬ್ರವರಿ 15ಕ್ಕೆ ಬ್ರಿಟನ್ ದಶಮಾಂಶ ಪದ್ಧತಿಗೆ ಬಂದಿತಲ್ಲ, ಅಲ್ಲಿಂದ ಮುಂದೆ ಅದೇ ಮೂರು ಕಾಲಮ್ಮಿನೊಳಗೆ ಗುಮಾಸ್ತ ಎರಡೇ ಅಂಕಿ ಬರೆದಿದ್ದಾನೆ, ಒಂದು ಕಾಲಂ ಖಾಲಿ. ಕೊನೆಯ ಸಾಲು 1972ರ ಮಾರ್ಚ್: 212 ಪೌಂಡ್ 40 ಪೆನ್ಸ್.

ಹೆಸರಿನ ಜಾಗದಲ್ಲಿ ಮಾತ್ರ ‘ಮಿಸ್ಟರ್ ರೋ’ ಅಂತ ಇತ್ತು. ಆರ್-ಓ-ಡಬ್ಲ್ಯೂ-ಇ. ದೊಡ್ಡಪ್ಪ ಕೌಂಟರಿನಲ್ಲಿ ನಿಂತು ‘ರಾವ್’ ಅಂದಿರಬೇಕು, ಒಳಗಿದ್ದವನ ಕಿವಿಗೆ ತನ್ನೂರಿನ ಹೆಸರೇ ಬಿದ್ದಿರಬೇಕು. ಇಂಗ್ಲೆಂಡಿನಲ್ಲಿ ರೋ ಅನ್ನೋ ಮನೆತನದ ಹೆಸರು ಬೇಕಾದಷ್ಟಿದೆ. ಡಾಕ್ಟರ್ ಅನ್ನೋದೂ ಹೋಗಿತ್ತು. ದೊಡ್ಡಪ್ಪ ತಿದ್ದಿಸಲಿಲ್ಲ. ಅವರ ಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ.

ಮೊದಲ ತೊಂದರೆ, ಆ ಪುಸ್ತಕದ ಮೇಲಿದ್ದ ಬಿಲ್ಡಿಂಗ್ ಸೊಸೈಟಿ ಈಗ ಭೂಮಿ ಮೇಲೇ ಇಲ್ಲ. ಬಿಲ್ಡಿಂಗ್ ಸೊಸೈಟಿ ಅಂದರೆ ನಮ್ಮ ಸಹಕಾರಿ ಸಂಘದ ದೊಡ್ಡಣ್ಣ ಅಂದುಕೊಳ್ಳಿ. ಜನ ಉಳಿತಾಯ ಮಾಡ್ತಾರೆ, ಅದೇ ದುಡ್ಡಲ್ಲಿ ಸದಸ್ಯರಿಗೆ ಮನೆ ಸಾಲ. ಉತ್ತರ ಇಂಗ್ಲೆಂಡಿನಲ್ಲಿ ಊರಿಗೊಂದು ಇತ್ತು. ಆಮೇಲೆ ಒಂದನ್ನೊಂದು ನುಂಗುತ್ತಾ ಬಂದವು. ಉದಾಹರಣೆಗೆ ಬರ್ನ್ಲಿ ಅನ್ನೋ ಊರಿನ ಸೊಸೈಟಿ 80ರ ದಶಕದಲ್ಲಿ ಬ್ರ್ಯಾಡ್‌ಫರ್ಡಿನ ಪ್ರಾವಿನ್ಷಿಯಲ್ ಜೊತೆ ಸೇರಿ ನ್ಯಾಷನಲ್ ಅಂಡ್ ಪ್ರಾವಿನ್ಷಿಯಲ್ ಆಯ್ತು, ಅದನ್ನು 1996ರಲ್ಲಿ ಆಬಿ ನ್ಯಾಷನಲ್ ಕೊಂಡಿತು, ಆಬಿಯನ್ನು 2004ರಲ್ಲಿ ಸ್ಪೇನಿನ ಸ್ಯಾಂಟಾಂಡರ್. ಲೀಡ್ಸ್ ಪರ್ಮನೆಂಟ್ 1995ರಲ್ಲಿ ಹ್ಯಾಲಿಫ್ಯಾಕ್ಸಿಗೆ ಸೇರಿತು, ಹ್ಯಾಲಿಫ್ಯಾಕ್ಸ್ 1997ರಲ್ಲಿ ಬ್ಯಾಂಕಾಯ್ತು, ಸುತ್ತಿ ಬಳಸಿ 2009ರಲ್ಲಿ ಲಾಯ್ಡ್ಸ್ ಹೊಟ್ಟೆಗೆ ಹೋಯ್ತು. ಮಿಡ್‌ಲ್ಯಾಂಡ್ ಬ್ಯಾಂಕ್ ಈಗಿನ ಎಚ್ಎಸ್‌ಬಿಸಿ, ವುಲಿಚ್ ಈಗಿನ ಬಾರ್ಕ್ಲೇಸ್. ಅಂದರೆ ನಿಮ್ಮಜ್ಜ ಲ್ಯಾಂಕಶೈರಿನ ಮೂಲೆಯಲ್ಲಿ ಇಟ್ಟ ದುಡ್ಡು ಇವತ್ತು ಮ್ಯಾಡ್ರಿಡ್‌ನವರ ಪುಸ್ತಕದಲ್ಲಿ ಇರಬಹುದು. ಗೋತ್ರ ಪ್ರವರ ಹುಡುಕಿದ ಹಾಗೆ ಹುಡುಕಬೇಕು!

ಒಳ್ಳೇದೇನಂದ್ರೆ ಈ ಪ್ರವರವನ್ನು ನಾವೇ ಬಾಯಿಪಾಠ ಮಾಡಬೇಕಿಲ್ಲ. ‘ಮೈ ಲಾಸ್ಟ್ ಅಕೌಂಟ್’ ಅಂತ ಒಂದು ಉಚಿತ ವ್ಯವಸ್ಥೆ 2008ರಿಂದ ಇದೆ. ಬ್ಯಾಂಕುಗಳ ಸಂಘ, ಬಿಲ್ಡಿಂಗ್ ಸೊಸೈಟಿಗಳ ಸಂಘ, ಸರ್ಕಾರದ ಉಳಿತಾಯ ಸಂಸ್ಥೆ ಎನ್ಎಸ್ ಅಂಡ್ ಐ ಮೂರೂ ಸೇರಿ ನಡೆಸೋದು. ಹಳೇ ಹೆಸರು ಹೇಳಿದರೆ ಈಗಿನ ವಾರಸುದಾರ ಬ್ಯಾಂಕು ಯಾವುದು ಅಂತ ಅದೇ ಹುಡುಕಿ ಅರ್ಜಿ ದಾಟಿಸುತ್ತದೆ. ಹೆಸರು, ಹುಟ್ಟಿದ ತಾರೀಖು, ಆಗಿನ ವಿಳಾಸ ಕೊಡಬೇಕು. ಉತ್ತರ ಬರಲು ಮೂರು ತಿಂಗಳವರೆಗೂ ಹಿಡಿಯಬಹುದು. ಒಂದು ಪೆನ್ನಿ ಖರ್ಚಿಲ್ಲ. ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ‘ನಿಮ್ಮ ಮನೆತನದ ಹೆಸರಿನವರೊಬ್ಬರು ಲಂಡನ್ನಿನಲ್ಲಿ ವಾರಸುದಾರರಿಲ್ಲದೆ ಸತ್ತಿದ್ದಾರೆ, 80 ಲಕ್ಷ ಡಾಲರ್ ಇದೆ’ ಅಂತ ಇಮೇಲ್ ಬರದೇ ಇರೋ ಕನ್ನಡಿಗ ಯಾರಾದರೂ ಇದ್ದರೆ ಕೈ ಎತ್ತಿ :-) ಅಂಥವರು ಮೊದಲು ಕೇಳೋದು ‘ಪ್ರೊಸೆಸಿಂಗ್ ಫೀಸು’. ನಿಜವಾದ ದಾರಿಯಲ್ಲಿ ಯಾರೂ ಮುಂಗಡ ಕೇಳೋದಿಲ್ಲ.

ಎರಡನೇ ಹೆದರಿಕೆ ನನಗಿದ್ದದ್ದು, ಐವತ್ತು ವರ್ಷ ಮುಟ್ಟದ ಖಾತೆ, ಸರ್ಕಾರ ನುಂಗಿರಬಹುದಾ ಅಂತ. ಇದರಲ್ಲಿ ದೇಶ ದೇಶಕ್ಕೂ ಒಂದೊಂದು ನ್ಯಾಯ. ಸ್ವಿಟ್ಜರ್ಲೆಂಡಿನಲ್ಲಿ 60 ವರ್ಷ ಸುದ್ದಿಯಿಲ್ಲದಿದ್ದರೆ ಹೆಸರು ಪ್ರಕಟಿಸ್ತಾರೆ. 2015ರ ಡಿಸೆಂಬರಿನಲ್ಲಿ ಮೊದಲ ಸಲ ಸುಮಾರು 2,600 ಹೆಸರು ಹೊರಬಿದ್ದಾಗ ಅದರಲ್ಲಿ ಭಾರತದ ಹೆಸರುಗಳೂ ಕೆಲವಿದ್ದವು, ನಮ್ಮ ಟಿವಿಯವರು ಕುಣಿದಾಡಿದ್ದು ನೆನಪಿರಬಹುದು. ಅಲ್ಲಿ ಗಡುವಿನೊಳಗೆ ಯಾರೂ ಬರದಿದ್ದರೆ ದುಡ್ಡು ಖಾಯಮ್ಮಾಗಿ ಅಲ್ಲಿನ ಸರ್ಕಾರದ್ದು. ಫ್ರಾನ್ಸಿನಲ್ಲಿ ಒಟ್ಟು 30 ವರ್ಷ. ಬ್ರಿಟನ್ನಿನದು ಸ್ವಲ್ಪ ಮರ್ಯಾದಸ್ಥ ಕಾನೂನು ಅಂತ ನನ್ನ ಅಭಿಪ್ರಾಯ. 2008ರ ಕಾಯ್ದೆ ಪ್ರಕಾರ 15 ವರ್ಷ ಖಾತೆದಾರ ಏನೂ ಮಾಡದಿದ್ದರೆ ಬ್ಯಾಂಕು ಆ ದುಡ್ಡನ್ನು ರಿಕ್ಲೇಮ್ ಫಂಡ್ ಅನ್ನೋ ಸಂಸ್ಥೆಗೆ ಕಳಿಸಬಹುದು. ಅದು ಒಂದು ಪಾಲನ್ನು ಕಾಯ್ದಿಟ್ಟು ಉಳಿದದ್ದನ್ನು ಸಮಾಜದ ಕೆಲಸಗಳಿಗೆ ಕೊಡುತ್ತದೆ. ಆದರೆ ಖಾತೆದಾರನ ಹಕ್ಕು ಸಾಯೋದಿಲ್ಲ. ನೂರು ವರ್ಷ ಬಿಟ್ಟು ಮೊಮ್ಮಗ ಬಂದರೂ ಅದೇ ಬ್ಯಾಂಕಿನಲ್ಲಿ ಕೇಳಬಹುದು, ಕೊಡಲೇಬೇಕು. 2022ರ ಕಾಯ್ದೆಯಲ್ಲಿ ಇನ್ಶೂರೆನ್ಸು, ಪಿಂಚಣಿ, ಷೇರುಗಳನ್ನೂ ಈ ಲೆಕ್ಕಕ್ಕೆ ಸೇರಿಸಿದ್ದಾರೆ. (ನಮ್ಮಲ್ಲೂ ಹತ್ತು ವರ್ಷ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಅಲ್ಲೂ ಹಕ್ಕು ಉಳಿಯುತ್ತದೆ. 2023ರಿಂದ ‘ಉದ್ಗಮ್’ ಅಂತ ಹುಡುಕೋ ಜಾಗ ಮಾಡಿದ್ದಾರೆ. ಮನೆಯಲ್ಲಿ ಹಿರಿಯರಿದ್ದವರು ಒಂದ್ಸಲ ನೋಡಿ.)

ಹತ್ತು ವಾರಕ್ಕೆ ಉತ್ತರ ಬಂತು. ಖಾತೆ ಸಿಕ್ಕಿದೆ, ಆದರೆ ಅದು ಮಿಸ್ಟರ್ ರೋ ಅವರದ್ದು. ನೀವು ಕಳಿಸಿರುವ ಮರಣ ಪ್ರಮಾಣಪತ್ರ ಬೇರೆ ಯಾರದೋ. ಇಬ್ಬರೂ ಒಬ್ಬರೇ ಅನ್ನೋದಕ್ಕೆ ದಾಖಲೆ ಕೊಡಿ.

ಸರಿ, ಕಿತ್ತಾಟ ಶುರು. ಯಾವ ಬ್ಯಾಂಕು ಅಂತ ಬರೆಯೋದಿಲ್ಲ, ಪಾಪ ಅವರ ಕಷ್ಟ ಅವರಿಗೆ. ಪ್ರತಿ ಸಲ ಫೋನ್ ಮಾಡಿದಾಗಲೂ ಹೊಸಬರು, ಪ್ರತಿ ಹೊಸಬರಿಗೂ ಮೊದಲಿನಿಂದ ರಾಮಾಯಣ. ನಮ್ಮ ಹೆಸರುಗಳ ಪದ್ಧತಿ ವಿವರಿಸೋದೇ ಒಂದು ಹರಿಕಥೆ. ಮೊದಲ ಇನಿಷಿಯಲ್ ಊರು, ಎರಡನೇದು ಅಪ್ಪ, ಆಮೇಲೆ ಇವರು. ಪಾಸ್‌ಪೋರ್ಟಿನಲ್ಲಿ ಊರೇ ಸರ್‌ನೇಮ್ ಆಗಿದೆ. “ಹಾಗಾದ್ರೆ ನಿಮ್ಮ ದೊಡ್ಡಪ್ಪನ ಕುಟುಂಬದ ಹೆಸರು ಒಂದು ಹಳ್ಳಿಯಾ?” ಅಂತ ಒಬ್ಬಾಕೆ ನಿಜವಾಗಿ ಕುತೂಹಲದಿಂದ ಕೇಳಿದಳು. ಹೌದಮ್ಮ, ಈಗ ಆ ಹಳ್ಳಿಯ ಅರ್ಧ ಶರಾವತಿಯಲ್ಲಿ ಮುಳುಗಿದೆ ಅಂದೆ. ದೊಡ್ಡಮ್ಮ ನಾಡಕಚೇರಿಯಿಂದ ಮಾಡಿಸಿ ಕಳಿಸಿದ ವಂಶವೃಕ್ಷವನ್ನು ಇಂಗ್ಲಿಷಿಗೆ ಮಾಡಿಸಿ, ನೋಟರಿ ಸೀಲು ಹಾಕಿಸಿ ಕೊಟ್ಟೆ. ವಂಶವೃಕ್ಷದಲ್ಲಿ ಮೂರು ತಲೆಮಾರಿನ ಎಲ್ಲರೂ ಇದ್ದರು, ಮಿಸ್ಟರ್ ರೋ ಒಬ್ಬರನ್ನು ಬಿಟ್ಟು.

ದಾರಿ ತೋರಿಸಿದವರು ನಮ್ಮ ಬೀದಿಯಲ್ಲಿರೋ ನಿವೃತ್ತ ನರ್ಸ್ ಒಬ್ಬರು. “ಡಾಕ್ಟರಾಗಿದ್ರೆ ರಿಜಿಸ್ಟರಿನಲ್ಲಿ ಇರಲೇಬೇಕಲ್ಲ” ಅಂದರು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ವರ್ಷಕ್ಕೊಮ್ಮೆ ‘ಮೆಡಿಕಲ್ ರಿಜಿಸ್ಟರ್’ ಅಂತ ದಪ್ಪ ಸಂಪುಟ ಅಚ್ಚು ಹಾಕಿಸ್ತಿತ್ತು. ದೇಶದಲ್ಲಿ ವೈದ್ಯಕೀಯ ಮಾಡಬಲ್ಲ ಪ್ರತಿಯೊಬ್ಬರ ಹೆಸರು, ಡಿಗ್ರಿ, ನೋಂದಣಿಯ ತಾರೀಖು, ವಿಳಾಸ. ಹಳೇ ಸಂಪುಟಗಳು ಕೆಲವು ಲೈಬ್ರರಿಗಳಲ್ಲಿವೆ. ಒಂದು ಶನಿವಾರ ಹೋಗಿ ಕೂತೆ. ‘ರಾವ್’ ಕಾಲಂ ತೆಗೆದರೆ ಸಾಲು ಸಾಲು ರಾವ್‌ಗಳು! ಆಂಧ್ರದವರು, ಮಂಗಳೂರಿನವರು, ಮರಾಠಿಗಳು... ಆಗ ಬ್ರಿಟನ್ನಿನ ಆಸ್ಪತ್ರೆಗಳನ್ನು ಯಾರು ನಡೆಸ್ತಿದ್ದರು ಅನ್ನೋದು ಆ ಪುಟ ನೋಡಿದರೇ ಗೊತ್ತಾಗುತ್ತೆ. ಬೆರಳಿಟ್ಟು ಓದುತ್ತಾ ಹೋದೆ. ಇದ್ದರು. ಅವೇ ಎರಡು ಇನಿಷಿಯಲ್, ಮೈಸೂರಿನ ಎಂಬಿಬಿಎಸ್, ವಿಳಾಸ ಆ ಆಸ್ಪತ್ರೆಯ ಡಾಕ್ಟರುಗಳ ವಸತಿ. ಪಾಸ್‌ಬುಕ್ಕಿನ ಒಳರಟ್ಟಿನಲ್ಲಿ ಮಿಸ್ಟರ್ ರೋ ಅವರ ವಿಳಾಸವೂ ಅದೇ, ಅವೇ ಇನಿಷಿಯಲ್.

ಅಚ್ಚಿನಲ್ಲಿ ಅವರ ಹೆಸರು ನೋಡಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಇಪ್ಪತ್ತೇಳು ವರ್ಷದ ಮನುಷ್ಯ. ನನಗೆ ಗೊತ್ತಿದ್ದ ದೊಡ್ಡಪ್ಪ ಯಾವಾಗಲೂ ಮುದುಕರೇ.

ಪ್ರತಿ ಮಾಡಿಸಿ ಕಳಿಸಿದ ಮೇಲೆ ಬ್ಯಾಂಕಿನವರು ತಕರಾರು ಮಾಡಲಿಲ್ಲ. ಸಣ್ಣ ಮೊತ್ತವಾದ್ದರಿಂದ ಕೋರ್ಟಿನ ಪ್ರೊಬೇಟ್ ಬೇಕಾಗಲಿಲ್ಲ, ‘ಬೇರೆ ಯಾರಾದರೂ ಹಕ್ಕು ಕೇಳಿ ಬಂದರೆ ನಾನೇ ಹೊಣೆ’ ಅಂತ ದೊಡ್ಡಮ್ಮ ಸಹಿ ಹಾಕಿದ ಮುಚ್ಚಳಿಕೆ ಸಾಕಾಯ್ತು. ಆ ಮಿತಿ ಒಂದೊಂದು ಬ್ಯಾಂಕಿಗೆ ಒಂದೊಂದು ಥರ, ಮೊದಲೇ ಕೇಳಿಕೊಂಡರೆ ವಕೀಲರ ಖರ್ಚು ಉಳಿಯುತ್ತೆ.

ಈ ಮಧ್ಯೆ ನನ್ನ ತಲೆ ಕೊರೀತಿದ್ದ ಪ್ರಶ್ನೆ ಬೇರೆ. ತರಲಿಲ್ಲ ಯಾಕೆ? ಹೋಗಲಿ, ಪಂಚರ ಮುಂದೆ ‘ಇನ್ನೂರು ಪೌಂಡಿದೆ, ತಗೊಳ್ಳಿ’ ಅನ್ನಲಿಲ್ಲ ಯಾಕೆ? ಊರಿನ ಪರಿಚಯದ ಆಡಿಟರ್ ಒಬ್ಬರನ್ನು ಕೇಳಿದೆ. ಅವರು ನಕ್ಕು, “ಫೆರಾ ಅಂತ ಕೇಳಿದ್ದೀರಾ?” ಅಂದರು.

ನಮ್ಮ ವಯಸ್ಸಿನವರಿಗೆ ಇದು ಗೊತ್ತಿರೋದು ಕಡಿಮೆ. ದೊಡ್ಡಪ್ಪ ಹೋದ ಕಾಲದಲ್ಲಿ ದೇಶ ಬಿಡುವವರ ಕೈಗೆ ಸಿಗ್ತಿದ್ದ ವಿದೇಶಿ ಹಣ 3 ಪೌಂಡ್. ಆ ತಲೆಮಾರಿನ ಯಾರನ್ನು ಕೇಳಿದರೂ ಈ ಮೂರು ಪೌಂಡಿನ ಕತೆ ಹೇಳ್ತಾರೆ. ಅಂದ ಮೇಲೆ ಅಜ್ಜನ ತೋಟದ ದುಡ್ಡು ಇಂಗ್ಲೆಂಡಿನ ಬ್ಯಾಂಕಿಗೆ ಹೋಗಿದ್ದು ಹೇಗೆ? ಆ ದುಡ್ಡು ಕಾಲೇಜಿನ ಫೀಸಿಗೆ, ಹಡಗಿನ ಟಿಕೆಟ್ಟಿಗೇ ಮುಗಿದಿರಬೇಕು. ಇನ್ನು 1973ರ ಫೆರಾ ಕಾಯ್ದೆ. ದೇಶದಲ್ಲಿ ವಾಸವಿರುವವರು ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಹೊರದೇಶದಲ್ಲಿ ಖಾತೆ ಇಟ್ಟುಕೊಂಡರೆ ಅಪರಾಧ, ದಂಡ ಮಾತ್ರ ಅಲ್ಲ, ಜೈಲಿಗೂ ಅವಕಾಶ ಇತ್ತು. 2000ದ ಜೂನಿನಲ್ಲಿ ಫೆಮಾ ಜಾರಿಗೆ ಬಂದ ಮೇಲಷ್ಟೇ ಆ ಕಾಯ್ದೆ ಹೋಯ್ತು. ಈಗ ಹೊರಗೆ ವಾಸವಿದ್ದಾಗ ಗಳಿಸಿದ್ದನ್ನು ಊರಿಗೆ ಬಂದ ಮೇಲೂ ಅಲ್ಲೇ ಇಟ್ಟುಕೊಳ್ಳಬಹುದು, ಸಮಸ್ಯೆಯಿಲ್ಲ. ಆದರೆ 1983ರಲ್ಲಿ? ಹತ್ತು ಜನರ ಮುಂದೆ, ಹಿಸ್ಸೆ ಪತ್ರ ಬರೆಯುವಾಗ, ಪ್ರಾಕ್ಟೀಸ್ ಮಾಡೋ ಡಾಕ್ಟರೊಬ್ಬರು ‘ಇದೆ’ ಅಂದರೆ ಅದು ತಪ್ಪೊಪ್ಪಿಗೆ. ‘ಇಲ್ಲ’ ಅಂದರೆ ಸುಳ್ಳು. ಸುಳ್ಳು ಹೇಳೋದು ಅವರಿಗೆ ಬರ್ತಿರಲಿಲ್ಲ, ರೋಗಿಗಳಿಗೂ ಹೇಳ್ತಿರಲಿಲ್ಲ, ಅದಕ್ಕೇ ಅವರ ಕ್ಲಿನಿಕ್ಕು ಅಷ್ಟಕ್ಕಷ್ಟೇ ನಡೀತಿತ್ತು.

ಕಾನೂನಿನ ಭಾಷೆಯಲ್ಲಿ ಇದು ‘ನಿಷ್ಕ್ರಿಯ ಖಾತೆ’, ‘ಯಾರೂ ಕೇಳದ ಹಣ’. ಈ ಹಣವನ್ನು ಯಾರೂ ಮರೆತಿರಲಿಲ್ಲ. ಒಬ್ಬರು ಹೆದರಿ ಮುಚ್ಚಿಟ್ಟಿದ್ದರು, ಉಳಿದವರು ದಿನಾ ಎಣಿಸ್ತಿದ್ದರು. ಆ ವರ್ಷಗಳಲ್ಲಿ ಹೊರಗೆ ದುಡಿದು ವಾಪಸ್ ಬಂದ ಇನ್ನೆಷ್ಟು ಡಾಕ್ಟರು, ಎಂಜಿನಿಯರುಗಳ ಕಪಾಟಿನಲ್ಲಿ ಇಂಥ ನೀಲಿ ಪುಸ್ತಕಗಳಿವೆಯೋ.

2023ರ ಚಳಿಗಾಲದಲ್ಲಿ ಬ್ಯಾಂಕಿನ ಪತ್ರ ಬಂತು. 212 ಪೌಂಡು 40 ಪೆನ್ಸು ಐವತ್ತೊಂದು ವರ್ಷದಲ್ಲಿ 1,086 ಪೌಂಡ್ ಆಗಿತ್ತು. ಬೆಳೆದದ್ದೆಲ್ಲ 70-80ರ ದಶಕದಲ್ಲಿ, ಬಡ್ಡಿ ಜೋರಾಗಿದ್ದಾಗ. 2009ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮೂಲದರವನ್ನು ಅರ್ಧ ಶೇಕಡಾಕ್ಕೆ ಇಳಿಸಿದ ಮೇಲೆ ಇಂಥ ಹಳೇ ಖಾತೆಗಳಿಗೆ ಬಡ್ಡಿ ಅಂದರೆ ಹೆಸರಿಗೆ. ರೂಪಾಯಿ ಲೆಕ್ಕದಲ್ಲಿ ಒಂದು ಲಕ್ಷ ಹದಿನಾಲ್ಕು ಸಾವಿರದ ಹತ್ತಿರ. ದುಡ್ಡು ನೇರ ದೊಡ್ಡಮ್ಮನ ಖಾತೆಗೆ ಹೋಯ್ತು. ಅವರು ಕೇಳಿದ್ದ ಕಾಗದವನ್ನು ನಾನು ಬ್ಯಾಂಕಿನವರಿಗೆ ಗಂಟು ಬಿದ್ದು ಬೇರೆಯಾಗಿ ಮಾಡಿಸಿದೆ: ಖಾತೆಯ ಕೊನೆಯ ಜಮಾ 1972ರಲ್ಲಿ, ಆಮೇಲೆ ಬಡ್ಡಿ ಬಿಟ್ಟರೆ ಬೇರೇನೂ ಸೇರಿಲ್ಲ, ಏನೂ ತೆಗೆದಿಲ್ಲ, ಇಷ್ಟೇ ಇದ್ದದ್ದು, ಅಂತ.

ಜನವರಿಯಲ್ಲಿ ಊರಿಗೆ ಹೋದಾಗ ದೊಡ್ಡಮ್ಮನೇ ನಮ್ಮನೆಗೆ ಬಂದರು. ಎಷ್ಟೋ ವರ್ಷದ ಮೇಲೆ. ಅಮ್ಮ ಗಡಿಬಿಡಿಯಲ್ಲಿ ಕಾಫಿಗೆ ಎರಡು ಸಲ ಸಕ್ಕರೆ ಹಾಕಿದಳು. ಅಪ್ಪ ಕನ್ನಡಕ ಹುಡುಕಿ, ಒರೆಸಿ, ಪತ್ರ ಓದಿದರು. ಆಮೇಲೆ ಪಾಸ್‌ಬುಕ್ಕು ತೆಗೆದು ಒಂದೊಂದೇ ಸಾಲು ನೋಡುತ್ತಾ ಹೋದರು. ಮೂರು ಪೌಂಡ್, ಐದು ಪೌಂಡ್, ಮೂರು ಪೌಂಡ್. ಅಪ್ಪನಿಗೆ ಈಗ ಎಪ್ಪತ್ತೇಳು. 1968ರ ನವೆಂಬರಿನ ಒಂದು ಸಾಲಿನ ಮೇಲೆ ಬೆರಳು ನಿಂತಿತು, ಇಡೀ ಪುಸ್ತಕದಲ್ಲಿ ದುಡ್ಡು ತೆಗೆದ ಒಂದೇ ಒಂದು ಸಾಲು, 40 ಪೌಂಡ್.

“ಇದು ಅಪ್ಪಯ್ಯಂಗೆ ಕಣ್ಣು ಆಪರೇಷನ್ ಆದ ವರ್ಷ” ಅಂದರು. ಬೇರೇನೂ ಹೇಳಲಿಲ್ಲ. ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ದೊಡ್ಡಮ್ಮನಿಗೆ ಕೊಟ್ಟು, “ಅತ್ತಿಗೆ, ಊಟ ಮಾಡ್ಕೊಂಡೇ ಹೋಗಿ” ಅಂದರು. ಆ 40 ಪೌಂಡ್ ನಿಜಕ್ಕೂ ಅಜ್ಜನ ಕಣ್ಣಿಗೇ ಬಂದಿತ್ತಾ ಅಂತ ತೋರಿಸೋ ಯಾವ ದಾಖಲೆಯೂ ನನ್ನ ಹತ್ತಿರ ಇಲ್ಲ. ಅಪ್ಪ ದಾಖಲೆ ಕೇಳಲೂ ಇಲ್ಲ.

ಅಂದ ಹಾಗೆ, ಪಾಸ್‌ಬುಕ್ಕಿನ ರಟ್ಟಿನ ಜೇಬಿನಲ್ಲಿ ಇನ್ನೊಂದು ಚೀಟಿ ಇತ್ತು, 1967ರಲ್ಲಿ ಕೊಂಡ 5 ಪೌಂಡಿನ ಪ್ರೀಮಿಯಂ ಬಾಂಡ್. ಇದೊಂದು ಮಜವಾದ ವಸ್ತು. ಸರ್ಕಾರಕ್ಕೆ ಕೊಟ್ಟ ಸಾಲ, ಆದರೆ ಬಡ್ಡಿ ಇಲ್ಲ. ಬದಲಿಗೆ ತಿಂಗಳು ತಿಂಗಳೂ ಲಾಟರಿ ಎತ್ತುತ್ತಾರೆ, ಅಸಲು ಎಲ್ಲೂ ಹೋಗೋದಿಲ್ಲ. ಮೊದಲ ಡ್ರಾ 1957ರ ಜೂನಿನಲ್ಲಿ, ಎತ್ತೋ ಯಂತ್ರಕ್ಕೆ ಎರ್ನಿ ಅಂತ ಮುದ್ದಿನ ಹೆಸರು. ಯುದ್ಧಕಾಲದಲ್ಲಿ ಜರ್ಮನರ ಗುಪ್ತಲಿಪಿ ಒಡೆಯಲು ಕೊಲೋಸಸ್ ಯಂತ್ರ ಕಟ್ಟಿದ್ದ ಪೋಸ್ಟಾಫೀಸಿನ ಎಂಜಿನಿಯರುಗಳೇ ಇದನ್ನೂ ಕಟ್ಟಿದ್ದು. ಗೆದ್ದ ಬಹುಮಾನ ಕೇಳೋದಕ್ಕೆ ಗಡುವೇ ಇಲ್ಲ, ವಿಳಾಸ ಬದಲಾಗಿ ತಲುಪದೆ ಉಳಿದ ಬಹುಮಾನಗಳು ಲಕ್ಷಗಟ್ಟಲೆ ಇವೆ. ಚಿಕ್ಕಪ್ಪನಿಗೆ ಇದು ಗೊತ್ತಾಗಿ ಮತ್ತೆ ಸೊನ್ನೆ ಸೇರಿಸಲು ಶುರು ಮಾಡಿದ್ದರು.

ಅದಕ್ಕೂ ಬರೆದೆ. ಹೋದ ವರ್ಷ ಉತ್ತರ ಬಂತು. ಐದು ಬಾಂಡು, ಐದು ಪೌಂಡು, ಐವತ್ತನಾಲ್ಕು ವರ್ಷದ ಡ್ರಾಗಳಲ್ಲಿ ಬಹುಮಾನ ಒಂದೂ ಇಲ್ಲ. ಫೋನಿನಲ್ಲಿ ಹೇಳಿದಾಗ ದೊಡ್ಡಮ್ಮ ಜೋರಾಗಿ ನಕ್ಕುಬಿಟ್ಟರು. “ಅವರ ಲಕ್ಕು ನಂಗೊತ್ತಿಲ್ವಾ ಮಾರಾಯ, ಇಸ್ಪೀಟಲ್ಲೂ ಒಂದ್ಸಲ ಗೆದ್ದವರಲ್ಲ” ಅಂತ.